ಚಿಕ್ಕ ಮೂಲದ ಲೆಕ್ಕ

ವರ್ಗ ಸಮೀಕರಣಗಳನ್ನು (ಎಎಕ್ಸ್² + ಬಿಎಕ್ಸ್ + ಸಿ = 0) ಸೂತ್ರದಿಂದ ಬಿಡಿಸುವ ಬಗ್ಗೆ ಒಂದು ಲೇಖನ ಓದಿದೆ. ಎ, ಬಿ, ಸಿ ಬೆಲೆಗಳನ್ನು ಎಕ್ಸ್ = (−ಬಿ ± √(ಬಿ² − 4ಎಸಿ)) / 2ಎ ಎಂಬ ಸೂತ್ರಕ್ಕೆ ಆದೇಶಿಸಿದರೆ ಯಾವುದೇ ವರ್ಗ ಸಮೀಕರಣ ಬಿಡಿಸಿದಂತೆಯೇ ಎಂದು ಅದರ ಲೇಖಕರು ಹೇಳಿದ್ದಾರೆ. ತತ್ತ್ವತಃ ಸರಿ. ಆದರೆ ದಶಮಾಂಶಗಳನ್ನು ಮೊಟಕುಗೊಳಿಸಿ ಲೆಕ್ಕ ಮಾಡುವವರು ಒಂದೆಡೆ ಎಡವುತ್ತಾರೆ.

ಎಕ್ಸ್² − 62ಎಕ್ಸ್ + 1 = 0 ತೆಗೆದುಕೊಳ್ಳಿ. ಶೋಧಕ, ಅಂದರೆ ಬಿ² − 4ಎಸಿ, ಇಲ್ಲಿ 3840, ಅದರ ವರ್ಗಮೂಲ ಸುಮಾರು 61.97. ಅದನ್ನು 62ಕ್ಕೆ ಕೂಡಿಸಿ ಎರಡರಿಂದ ಭಾಗಿಸಿದರೆ ದೊಡ್ಡ ಮೂಲ (ಎಕ್ಸ್‌ನ ಎರಡು ಉತ್ತರಗಳಲ್ಲಿ ದೊಡ್ಡದು) 61.985, ಇದಕ್ಕೆ ತಕರಾರಿಲ್ಲ. ಚಿಕ್ಕದಕ್ಕೆ 62ರಿಂದ 61.97 ಕಳೆದರೆ ಉಳಿಯುವುದು ಬರೀ 0.03, ಅಂದರೆ ಮೂಲ 0.015. ನಿಜವಾದ ಬೆಲೆ ಸುಮಾರು 0.01613! ಹೆಚ್ಚುಕಡಿಮೆ ಸಮನಾದ ಸಂಖ್ಯೆಗಳನ್ನು ಕಳೆದಾಗ ನಿಖರತೆ ಹೀಗೆಯೇ ಸೋರಿಹೋಗುತ್ತದೆ.

ಇಲ್ಲಿ ಮೂಲಗಳ ಗುಣಲಬ್ಧ (ಸಿ/ಎ) 1 ಅಲ್ಲವೇ? 1ನ್ನು 61.985ರಿಂದ ಭಾಗಿಸಿ, ಸರಿಯಾದ 0.01613 ಸಿಗುತ್ತದೆ. (ಕಳೆಯುವ ಗೊಡವೆಯೇ ಇಲ್ಲ.) ಲೇಖನದಲ್ಲಿ ಗುಣಲಬ್ಧವನ್ನು ತಾಳೆ ನೋಡುವುದಕ್ಕಷ್ಟೇ ಬಳಸಿದ್ದು ನನಗೆ ಕೊರತೆಯೆನಿಸಿತು.