ಎಲ್ಲಾ ಧರ್ಮಕ್ಕೂ ಒಬ್ನೇ ಕುಲಪುರೋಹಿತ: ನಾಸಾ

ಬೆಳಗ್ಗೆ ಐದೂಕಾಲಿಗೆ ಫ್ಯಾಮಿಲಿ ಗ್ರೂಪಲ್ಲಿ ಮೆಸೇಜ್ ಬಂತು. ಮೇಲೆ ಮೂರು ಬೆಂಕಿ ಇಮೋಜಿ, ಕೆಳಗೆ ಮೂರು ಕೈಮುಗಿಯೋ ಇಮೋಜಿ, ಮಧ್ಯದಲ್ಲಿ "ಕೊನೆಗೂ ಒಪ್ಪಿಕೊಂಡ ನಾಸಾ!!!" ಅಂತ. ಏನ್ ಒಪ್ಕೊಂಡ್ರು, ಯಾರ್ ಒಪ್ಕೊಂಡ್ರು, ಯಾವತ್ತು ಒಪ್ಕೊಂಡ್ರು ಒಂದೂ ಇಲ್ಲ, ಆದ್ರೆ ಒಪ್ಕೊಂಡಿರೋದಂತೂ ಗ್ಯಾರಂಟಿ, ಯಾಕಂದ್ರೆ ಕೊನೇಲಿ "ಹತ್ತು ಜನಕ್ಕೆ ಕಳಿಸಿ" ಅಂತ ಇದೆ. ನಾನು ನಿದ್ದೆಗಣ್ಣಲ್ಲೇ "ನಾಸಾ ವೆಬ್‌ಸೈಟಲ್ಲಿ ಎಲ್ಲಿದೆ ಚಿಕ್ಕಪ್ಪಾ ಇದು" ಅಂತ ಕೇಳ್ದೆ. "ಟೈಪಿಂಗ್..." ಅಂತ ತೋರಿಸ್ತು, ನಿಂತೋಯ್ತು, ಮತ್ತೆ ತೋರಿಸ್ತು. ಎರಡು ನಿಮಿಷ ಆದ್ಮೇಲೆ ಉತ್ತರ ಬಂತು: "ಅವ್ರು ವೆಬ್‌ಸೈಟಲ್ಲೆಲ್ಲಾ ಹಾಕಲ್ಲಪ್ಪ, ಮುಚ್ಚಿಟ್ಟಿದಾರೆ."

ಅಂದ್ರೆ ಒಪ್ಕೊಂಡೂ ಇದಾರೆ, ಮುಚ್ಚಿಟ್ಟೂ ಇದಾರೆ. ಇನ್ನೇನ್ ಮಾತಾಡೋದು.

ಈ ವಿಜ್ಞಾನ ಯುಗದಲ್ಲಿ ಧರ್ಮಕ್ಕೆ ಇನ್ನೂ ಜಾಗ ಇದೆಯಾ ಅಂತ ಸಿಕ್ಕಸಿಕ್ಕಲ್ಲಿ ಚರ್ಚೆ ನಡೀತಿರುತ್ತೆ, ವಿಜ್ಞಾನ ಅನ್ನೋರು ಈ ಕಡೆ, ಧರ್ಮ ಅನ್ನೋರು ಆ ಕಡೆ ಕೂತು ಕಿತ್ತಾಡ್ತಾರೆ. ನಂಗಂತೂ ಪ್ರಶ್ನೆನೇ ಉಲ್ಟಾ ಅನ್ಸುತ್ತೆ. ಧರ್ಮದೋರು ವಿಜ್ಞಾನಕ್ಕೆ ಕೊಟ್ಟಿರೋ ಜಾಗ ವಿಜ್ಞಾನಿಗಳೂ ಕೊಟ್ಟಿಲ್ಲ. ವಿಜ್ಞಾನಿ ಪಾಪ ಇನ್ನೊಬ್ಬ ವಿಜ್ಞಾನಿ ಪೇಪರ್ ಬರೆದ್ರೆ ತಪ್ಪು ಎಲ್ಲಿದೆ ಅಂತ ಹುಡುಕ್ತಾ ಕೂರ್ತಾನೆ, ನಮ್ಮ ಭಕ್ತರು ಹಂಗಲ್ಲ, ನಾಸಾ ಅಂತ ಎರಡಕ್ಷರದ ಹೆಸರು ಕಂಡ್ರೆ ಸಾಕು ಕಣ್ಮುಚ್ಚಿ ನಮಸ್ಕಾರ. ಸರ್ವಧರ್ಮ ಸಮನ್ವಯ ಅಂತ ಏನಾದ್ರೂ ಭೂಮಿ ಮೇಲೆ ಆಗಿದ್ರೆ ಅದು ಇಲ್ಲೇ ನೋಡಿ.

ಬೈಬಲ್‌ನೋರ ಹತ್ರ ಒಂದು ಕಥೆ ಇದೆ. ಯೆಹೋಶುವ ಅನ್ನೋ ಸೇನಾನಾಯಕನಿಗೋಸ್ಕರ ಸೂರ್ಯ ನಿಂತ್ಕೊಂಡ ಅಂತ ಗ್ರಂಥದಲ್ಲಿ ಇದ್ಯಲ್ಲ, ಅದಕ್ಕೆ ನಾಸಾ ಕಂಪ್ಯೂಟರ್ ಹಿಂದಕ್ಕೆ ಲೆಕ್ಕ ಹಾಕ್ಕೊಂಡು ಹೋದಾಗ ಒಂದು ದಿನ ಕಮ್ಮಿ ಬಂತಂತೆ, ಯೆಹೋಶುವನ ಲೆಕ್ಕಕ್ಕೆ 23 ಗಂಟೆ 20 ನಿಮಿಷ, ಹಿಜ್ಕೀಯ ಅನ್ನೋ ರಾಜನ ಲೆಕ್ಕಕ್ಕೆ 40 ನಿಮಿಷ, ಟ್ಯಾಲಿ ಆಯ್ತಂತೆ. ನಾಸಾದೋರು ಅಯ್ಯೋ ನಮ್ಮ ಹತ್ರ ಅಂಥದ್ದೇನೂ ಇಲ್ಲ ಅಂದ್ರೂ ಕಥೆ ನಿಲ್ಲಲಿಲ್ಲ. ನಾಸಾ ಹುಟ್ಟಿದ್ದೇ 1958ರಲ್ಲಿ, ಕಳೆದುಹೋದ ದಿನದ ಲೆಕ್ಕ 19ನೇ ಶತಮಾನದಿಂದಲೇ ಓಡಾಡ್ತಾ ಇತ್ತು, ಆಮೇಲೆ ಯಾರೋ ಪುಣ್ಯಾತ್ಮರು ಅದಕ್ಕೆ ನಾಸಾ ಲೇಬಲ್ ಅಂಟಿಸಿದ್ರು ಅಷ್ಟೇ.

ಇಸ್ಲಾಂ ಕಡೆ ಬಂದ್ರೆ, ನೀಲ್ ಆರ್ಮ್‌ಸ್ಟ್ರಾಂಗ್ ಚಂದ್ರನ ಮೇಲೆ ಆಜಾನ್ ಕೇಳಿಸ್ಕೊಂಡು ಮತಾಂತರ ಆದ್ರು ಅನ್ನೋ ಸುದ್ದಿ. ಗಾಳಿನೇ ಇಲ್ಲದ ಜಾಗದಲ್ಲಿ ಶಬ್ದ ಕೇಳಿಸ್ತು ಅನ್ನೋದನ್ನ ಪಕ್ಕಕ್ಕಿಡಿ, ಈ ವದಂತಿ ಎಷ್ಟು ಜೋರಾಗಿತ್ತು ಅಂದ್ರೆ 1983ರಲ್ಲಿ ಅಮೆರಿಕದ ವಿದೇಶಾಂಗ ಇಲಾಖೆನೇ ಅವರು ಮತಾಂತರ ಆಗಿಲ್ಲ ಅಂತ ತನ್ನ ರಾಯಭಾರ ಕಚೇರಿಗಳಿಗೆ ತಿಳಿಸಬೇಕಾಯ್ತು.

ಹಿಂದೂಗಳು ನಾವೇನ್ ಕಮ್ಮೀನಾ? ಸೂರ್ಯ ಓಂ ಅಂತಿರೋದನ್ನ ನಾಸಾ ರೆಕಾರ್ಡ್ ಮಾಡಿದೆ. ಅಸಲಿಗೆ ಸೂರ್ಯನ ಕಂಪನದ ಡೇಟಾನ ಸಾವಿರಾರು ಪಟ್ಟು ಸ್ಪೀಡ್ ಮಾಡಿ ಮನುಷ್ಯನ ಕಿವಿಗೆ ಬೀಳೋ ಹಂಗೆ ಶಬ್ದಕ್ಕೆ ತಿರುಗಿಸಿದ್ರು, ಕೇಳಿದ್ರೆ ಹಳೇ ಫ್ರಿಜ್ ಗುಂಯ್‌ಗುಡೋ ಥರ ಇದೆ (ಫ್ರಿಜ್ಜೂ ಓಂ ಅನ್ನುತ್ತೆ ಅಂತ ಯಾರಾದ್ರೂ ಹೊಡ್ಕೊಂಡ್ರೆ ನಂಗೊತ್ತಿಲ್ಲ). ಇನ್ನು ಕಂಪ್ಯೂಟರಿಗೆ ಸಂಸ್ಕೃತವೇ ಬೆಸ್ಟ್ ಅಂತ ನಾಸಾ ಘೋಷಿಸಿದೆ ಅನ್ನೋದು, ಅದು ಅಲ್ಲಿ ಕೆಲಸ ಮಾಡ್ತಿದ್ದ ರಿಕ್ ಬ್ರಿಗ್ಸ್ ಅನ್ನೋರು 1985ರಲ್ಲಿ ಬರೆದ ಒಂದು ಲೇಖನ, ಸಂಸ್ಕೃತ ವ್ಯಾಕರಣದವರ ವಿಶ್ಲೇಷಣೆಗೂ ಯಂತ್ರಕ್ಕೆ ಅರ್ಥ ಹೇಳ್ಕೊಡೋ ವಿಧಾನಕ್ಕೂ ಹೋಲಿಕೆ ಇದೆ ಅಂತ. ಓದಿದ್ರೆ ನಿಜಕ್ಕೂ ಚೆನ್ನಾಗಿದೆ. ಯಾರೂ ಓದಿಲ್ಲ, ಅದೇ ಪ್ರಾಬ್ಲಂ.

ಈ "ನಮ್ಮ ಗ್ರಂಥದಲ್ಲಿ ಮೊದಲೇ ಇತ್ತು" ಬ್ರಿಗೇಡ್‌ದು ಇನ್ನೊಂದು ಮಜಾ ಇದೆ. ಇವರ ಗ್ರಂಥದಲ್ಲಿ ಎಲ್ಲಾ ಇದೆ, ಆದ್ರೆ ಯಾವತ್ತೂ ಬೇರೆಯೋರು ಕಂಡುಹಿಡಿದ ಮಾರನೇ ದಿನವೇ ಅದು ಕಣ್ಣಿಗೆ ಬೀಳುತ್ತೆ, ಹಿಂದಿನ ದಿನ ಬೀಳಲ್ಲ. ಉತ್ತರಪತ್ರಿಕೆ ವಾಪಸ್ ಕೊಟ್ಟ ಮೇಲೆ "ಸಾರ್ ಇದು ನಂಗೂ ಗೊತ್ತಿತ್ತು" ಅನ್ನೋ ಹುಡುಗನಿಗೆ ಯಾವ ಮೇಷ್ಟ್ರು ಮಾರ್ಕ್ಸ್ ಕೊಟ್ಟಿದಾರೆ ಹೇಳಿ.

ಮಹಾಸ್ಫೋಟದ ಕಥೆ ಕೇಳಿದ್ರೆ ಇವರಿಗೆ ನಾಚಿಕೆ ಆಗ್ಬೇಕು. ಬ್ರಹ್ಮಾಂಡ ಹಿಗ್ಗುತ್ತಾ ಇದೆ ಅಂತ 1927ರಲ್ಲಿ ಲೆಕ್ಕ ಹಾಕಿ, ಆಮೇಲೆ ಎಲ್ಲಾ ಒಂದು ಕಣದಿಂದ ಶುರುವಾಗಿದ್ದು ಅಂದೋರು ಜಾರ್ಜ್ ಲಮೈತ್ರ್, ಅವರು ಕ್ಯಾಥೊಲಿಕ್ ಪಾದ್ರಿ, ದಿನಾ ಪೂಜೆ ಮಾಡೋ ಪಾದ್ರಿ. 1951ರಲ್ಲಿ ಪೋಪ್ 12ನೇ ಪಯಸ್ ಖುಷಿಯಾಗಿ ಇದು ಸೃಷ್ಟಿಗೆ ಸಾಕ್ಷಿ ಅನ್ನೋ ಥರ ಭಾಷಣ ಮಾಡಿದ್ರೆ, ಲಮೈತ್ರ್‌ಗೇ ಅದು ಸರಿಬರಲಿಲ್ಲ, ನನ್ನ ಥಿಯರಿಗೂ ಧರ್ಮದ ಪ್ರಶ್ನೆಗೂ ಸಂಬಂಧ ಇಲ್ಲ ಅನ್ನೋದು ಅವರ ನಿಲುವು. ಪಾದ್ರಿಗೆ ಬೇಡವಾದ ಸರ್ಟಿಫಿಕೇಟ್ ನಮ್ಮ ಚಿಕ್ಕಪ್ಪನಿಗೆ ಬೇಕು. ಇವತ್ತು ನಾಸಾ ಹೌದು ಅಂತು ಅಂತ ಕುಣಿದ್ರೆ ನಾಳೆ ಇಲ್ಲ ಅಂದಾಗ ದೇವರನ್ನ ಬಿಟ್ಬಿಡ್ತೀರಾ? ಹಂಗೂ ಮಾಡಲ್ಲ, ಆವಾಗ ನಾಸಾದೋರು ಸುಳ್ಳರು.

ಕೇಸ್ ಸೋತ ಮೇಲೂ ಸಂಸ್ಥೆಗಳು ಎಷ್ಟು ನಿಧಾನ ಅಂತೀರಾ. ಭೂಮಿನೇ ಸೂರ್ಯನ ಸುತ್ತ ಸುತ್ತೋದು ಅಂದಿದ್ದಕ್ಕೆ ಗೆಲಿಲಿಯೋಗೆ ಚರ್ಚ್ ಶಿಕ್ಷೆ ಕೊಟ್ಟಿದ್ದು 1633ರಲ್ಲಿ, ಆ ವಿಷಯದಲ್ಲಿ ನಮ್ಮೋರು ಎಡವಿದ್ರು ಅಂತ ಪೋಪ್ ಎರಡನೇ ಜಾನ್ ಪಾಲ್ ಹೇಳಿದ್ದು 1992ರಲ್ಲಿ. ಅಷ್ಟೊತ್ತಿಗೆ ಗೆಲಿಲಿಯೋ ಅನ್ನೋ ಹೆಸರಿನ ನೌಕೆ ಗುರುಗ್ರಹದ ಕಡೆ ಹೊರಟು ಮೂರು ವರ್ಷ ಆಗಿತ್ತು.

ಎಲ್ಲರೂ ಹಿಂಗೇ ಅಂತಲ್ಲ. 2007ರಲ್ಲಿ ಮಲೇಷ್ಯಾದ ಗಗನಯಾತ್ರಿ ಬಾಹ್ಯಾಕಾಶ ನಿಲ್ದಾಣಕ್ಕೆ ಹೋಗೋವಾಗ ನಿಜವಾದ ಸಮಸ್ಯೆ ಬಂತು. ನಿಲ್ದಾಣ ಸುಮಾರು 90 ನಿಮಿಷಕ್ಕೆ ಭೂಮಿನ ಒಂದು ಸುತ್ತು ಹಾಕುತ್ತೆ, ದಿನಕ್ಕೆ 16 ಸೂರ್ಯೋದಯ, ಐದು ಹೊತ್ತಿನ ನಮಾಜ್ ಯಾವಾಗ, ಮೆಕ್ಕಾ ಯಾವ ಕಡೆ? ಅಲ್ಲಿನ ಧರ್ಮಗುರುಗಳು ಕೂತು ರಾಕೆಟ್ ಹಾರಿದ ಜಾಗದ ಟೈಮ್ ಇಟ್ಕೊಳ್ಳಿ, ದಿಕ್ಕು ಎಷ್ಟಾಗುತ್ತೋ ಅಷ್ಟು ಅಂತ ಹೇಳಿ ಕೆಲಸ ಮುಗಿಸಿದ್ರು. ಯಾವ ವಿಜ್ಞಾನಿ ಹತ್ರನೂ ಸೀಲ್ ಹಾಕಿಸ್ಕೊಳ್ಳಲಿಲ್ಲ, ಯಾವ ವಿಜ್ಞಾನಿಗೂ ಬೈಯಲಿಲ್ಲ. ಜಾಗ ಇದೆಯಾ ಅಂತ ಕೇಳ್ತಾ ಕೂರದೆ ಇದ್ದ ಜಾಗದಲ್ಲಿ ಅಡ್ಜಸ್ಟ್ ಮಾಡ್ಕೊಂಡ್ರು.

ಹಂಗಂತ ಆ ಕಡೆಯೋರು ಸಾಚಾ ಅನ್ಕೋಬೇಡಿ. "ನಾನು ಸೈನ್ಸ್ ಮಾತ್ರ ನಂಬೋದು" ಅನ್ನೋ ನನ್ನ ಫ್ರೆಂಡ್ ಒಬ್ಬ ಇದಾನೆ, ಹೆಡ್ಡಿಂಗ್ ಬಿಟ್ಟು ಕೆಳಗಿನ ಸಾಲು ಓದಿರೋದು ನಾನು ನೋಡಿಲ್ಲ. ದೇವರಿಲ್ಲ ಅಂತ ಸರ್ಕಾರವೇ ಹೇಳ್ತಿದ್ದ ಸೋವಿಯತ್ ದೇಶದಲ್ಲಿ, 1961ರಲ್ಲಿ ಮೊದಲ ಗಗನಯಾತ್ರಿ ಗಗಾರಿನ್ ಲಾಂಚಿಗೆ ಹೋಗೋ ದಾರೀಲಿ ಬಸ್ಸಿಂದ ಇಳಿದು ಹಿಂದಿನ ಬಲಗಡೆ ಚಕ್ರಕ್ಕೆ ಮೂತ್ರ ಮಾಡಿದ್ರಂತೆ, ಆಮೇಲೆ ಬಂದ ಗಂಡಸರು ಅದನ್ನೇ ಸಂಪ್ರದಾಯ ಮಾಡ್ಕೊಂಡ್ರು. ದೇವರು ಹೋದ್ರು, ಮಡಿ ಉಳೀತು.

ನಾಸಾ? ಅಲ್ಲೂ ಇದೆ. ಚಂದ್ರನ ರೇಂಜರ್ ಯೋಜನೆಯ ನೌಕೆ ಒಂದಾದ್ಮೇಲೊಂದು ಆರು ಸಲ ಫೇಲ್ ಆಯ್ತು. ಏಳನೇದು, 1964ರ ಜುಲೈನಲ್ಲಿ, ಎಲ್ಲರೂ ಉಗುರು ಕಚ್ಚಿಕೊಂಡು ಕೂತಿದ್ದಾಗ ಇಂಜಿನಿಯರ್ ಒಬ್ಬರು ಟೆನ್ಷನ್ ಕಮ್ಮಿ ಆಗ್ಲಿ ಅಂತ ಕಡಲೆಕಾಯಿ ಹಂಚಿದ್ರು, ನೌಕೆ ಸಕ್ಸಸ್. ಅವತ್ತಿಂದ ಅವರ ಜೆಟ್ ಪ್ರೊಪಲ್ಷನ್ ಲ್ಯಾಬಲ್ಲಿ ದೊಡ್ಡ ಮಿಷನ್ ಅಂದ್ರೆ ಕಡಲೆಕಾಯಿ ಡಬ್ಬಿ ಸುತ್ತು ಬರಲೇಬೇಕು, ಮಂಗಳನ ಮೇಲೆ ನೌಕೆ ಇಳಿಸೋ ಲೆಕ್ಕಾಚಾರ ಗೊತ್ತಿರೋ ಕೈಗಳೇ ಡಬ್ಬಿಗೂ ಹೋಗುತ್ವೆ.

ಇದನ್ನ ಗ್ರೂಪಲ್ಲಿ ಹಾಕ್ದೆ, ನೋಡಿ ಚಿಕ್ಕಪ್ಪಾ ನೀವು ಯಾರ ಹತ್ರ ಸಾಕ್ಷಿ ಕೇಳೋಕೆ ಹೋಗ್ತೀರೋ ಅವರೇ ಹಿಂಗೆ ಅಂತ. "ಟೈಪಿಂಗ್..." ಬಂತು, ನಿಂತೋಯ್ತು, ಮತ್ತೆ ಬಂತು.

"ನೋಡ್ದ್ಯಾ, ನಾಸಾನೇ ಒಪ್ಕೊಂಡಿದೆ."