ಉತ್ತರ ಬರದಿದ್ದರೆ ಬರಲಿಲ್ಲ ಅನ್ನಿ, ಸುಳ್ಳು ಯಾಕೆ ಹೇಳ್ತೀರಿ?

ಮೂರು ದಿನದಿಂದ ಹೊಟ್ಟೆ ಉರಿಯುತ್ತಿದೆ, ಒಂದು ನೆಟ್‌ವರ್ಕ್ ಡ್ರೈವರ್, ಅಂದರೆ ಚಿಪ್ಪನ್ನು ನಡೆಸುವ ಸಾಫ್ಟ್‌ವೇರ್ ದೆಸೆಯಿಂದ. ಇವತ್ತು ಬರೆದೇ ಬಿಡುತ್ತೇನೆ.

ಪೀಣ್ಯದ ಒಂದು ಕಾರ್ಖಾನೆ. ಯಂತ್ರಗಳ ರೀಡಿಂಗ್ ಓದಿ ಸರ್ವರ್‌ಗೆ ಕಳಿಸುವ ಪುಟ್ಟ ಲಿನಕ್ಸ್ ಪೆಟ್ಟಿಗೆ ನಮ್ಮದು. ದೊಡ್ಡ ಕಂಪ್ರೆಸರ್ ಶುರುವಾದಾಗ ಒಮ್ಮೊಮ್ಮೆ ಡೇಟಾ ನಿಂತುಹೋಗುತ್ತಿತ್ತು. ಪೆಟ್ಟಿಗೆಯನ್ನು ಕೇಳಿದರೆ ಲಿಂಕ್ ಇದೆ, 100 ಎಂಬಿಪಿಎಸ್, ಫುಲ್ ಡ್ಯೂಪ್ಲೆಕ್ಸ್ (ಎರಡೂ ಕಡೆಗೆ ಒಟ್ಟಿಗೇ ಡೇಟಾ) ಅನ್ನುತ್ತಿತ್ತು. ಅಲ್ಲಿನ ಟೆಕ್ನಿಷಿಯನ್ ಹುಡುಗ ಮೊದಲ ದಿನವೇ ಫೋನ್ ಮಾಡಿ ಹೇಳಿದ್ದ, "ಸಾರ್, ನೆಟ್‌ವರ್ಕ್ ಸ್ವಿಚ್ ಕಡೆ ಲೈಟೇ ಬರ್ತಿಲ್ಲ." ಯಾರೂ ನಂಬಲಿಲ್ಲ. ಸ್ಕ್ರೀನ್‌ನಲ್ಲಿ ಲಿಂಕ್ ಇದೆ ಅಂತ ಬರ್ತಿದೆಯಲ್ಲ, ನೀನೇ ಕೇಬಲ್ ಸರಿಯಾಗಿ ಹಾಕಿಲ್ಲ ಅಂತ ಅವನ ಸೂಪರ್‌ವೈಸರ್ ಎಲ್ಲರೆದುರು ಬೈದರು. ಪಾಪ, ನಾಲ್ಕು ಸಲ ಕೇಬಲ್ ಬದಲಾಯಿಸಿದ. ಸ್ವಿಚ್ಚನ್ನೇ ಒಮ್ಮೆ ಬದಲಾಯಿಸಿದ. ಮೂರು ವಾರ ಹೀಗೇ ಹೋಯಿತು.

ಕೊನೆಗೆ ನಾನೇ ತಂತಿಯ ವೋಲ್ಟೇಜ್ ಏರಿಳಿತ ತೋರಿಸುವ ಆಸಿಲೋಸ್ಕೋಪ್ ಹೊತ್ತುಕೊಂಡು ಹೋದೆ. ಪ್ರೊಸೆಸರ್ ಮತ್ತು ಈಥರ್ನೆಟ್ಟಿನ ಫೈ ಚಿಪ್ (ಕೇಬಲ್ಲಿನ ಸಿಗ್ನಲ್ ನೋಡಿಕೊಳ್ಳುವ ಚಿಪ್) ಮಾತಾಡಿಕೊಳ್ಳುವುದು ಎಂಡಿಐಒ ಅನ್ನುವ ಬಸ್ ಮೇಲೆ. ಒಂದು ಕ್ಲಾಕ್ ತಂತಿ, ಒಂದು ಡೇಟಾ ತಂತಿ, ಅಷ್ಟೇ. ಪ್ರೊಸೆಸರ್ ಮೊದಲು 32 ಸಲ 1 ಕಳಿಸುತ್ತದೆ. ಆಮೇಲೆ ಯಾವ ಚಿಪ್, ಯಾವ ರಿಜಿಸ್ಟರ್ (ಚಿಪ್ಪಿನೊಳಗಿನ ಪುಟ್ಟ ಮೆಮೊರಿ ಖಾನೆ) ಅಂತ ಕೇಳಿ ತಂತಿ ಬಿಟ್ಟುಕೊಡುತ್ತದೆ. ಆಗ ಫೈ ಚಿಪ್ ತಂತಿಯನ್ನು ಸೊನ್ನೆಗೆ ಎಳೆಯಬೇಕು. ನಾನಿದ್ದೇನೆ ಅಂತ ಅದು ಹೇಳುವುದೇ ಹಾಗೆ. ಅದಾದ ಮೇಲೆ 16 ಬಿಟ್ ಉತ್ತರ. ನನ್ನ ಸ್ಕೋಪಿನಲ್ಲಿ ಪ್ರಶ್ನೆ ಚೆನ್ನಾಗಿ ಕಂಡಿತು. ಆಮೇಲೆ ತಂತಿ 3.3 ವೋಲ್ಟ್‌ನಲ್ಲೇ, ಅಂದರೆ 1ರಲ್ಲೇ ನಿಂತುಬಿಟ್ಟಿತು. ಸೊನ್ನೆಯೂ ಇಲ್ಲ, ಉತ್ತರವೂ ಇಲ್ಲ. ಕಂಪ್ರೆಸರ್ ಎಳೆದಾಗ ವೋಲ್ಟೇಜ್ ಕುಸಿದು ಫೈ ಚಿಪ್ ಹ್ಯಾಂಗ್ ಆಗಿತ್ತು.

ಚಿಪ್ ಹ್ಯಾಂಗ್ ಆಗುತ್ತದೆ, ಅದಕ್ಕೆ ನನಗೆ ಸಿಟ್ಟಿಲ್ಲ. ಸಿಟ್ಟು ಇರುವುದು ಚಿಪ್ ಮಾರಿದವರು ಕೊಟ್ಟ ಡ್ರೈವರ್ ಮೇಲೆ. ಯಾರೂ ಮಾತಾಡದಿದ್ದರೆ ಪುಲ್-ಅಪ್ ರೆಸಿಸ್ಟರ್ ತಂತಿಯನ್ನು ಮೇಲೆ ಹಿಡಿದಿರುತ್ತದೆ, ಹಾಗಾಗಿ ಓದಿದರೆ 16 ಬಿಟ್‌ಗಳೂ 1, ಅಂದರೆ 65535. ಆ ಡ್ರೈವರ್ ಅದನ್ನೇ ಉತ್ತರ ಅಂತ ನಂಬಿತು! ಸ್ಟೇಟಸ್ ರಿಜಿಸ್ಟರಿನಲ್ಲಿ ಒಂದು ಬಿಟ್ ಲಿಂಕ್‌ಗೆ. ಅದೂ 1, ಹಾಗಾದರೆ ಲಿಂಕ್ ಇದೆ. ಎದುರಿನ ಕಡೆಯ ಸಾಮರ್ಥ್ಯ ಹೇಳುವ ರಿಜಿಸ್ಟರಿನಲ್ಲೂ ಎಲ್ಲ 1, ಹಾಗಾದರೆ ಇರುವುದರಲ್ಲಿ ಒಳ್ಳೆಯ ಸ್ಪೀಡ್ ಆರಿಸಿಕೋ. ಅದೇ ಸ್ಟೇಟಸ್ ರಿಜಿಸ್ಟರ್ ಎದುರುಗಡೆ ದೋಷ ಇದೆ ಅಂತಲೂ ಹೇಳುತ್ತಿದೆ, ನಮ್ಮ ಚಿಪ್‌ನಲ್ಲಿ ಇಲ್ಲವೇ ಇಲ್ಲದ 100 ಬೇಸ್ ಟಿ4 ಅನ್ನುವ ಹಳೇ ಈಥರ್ನೆಟ್ ವಿಧಾನ ಇದೆ ಅಂತಲೂ ಹೇಳುತ್ತಿದೆ. ಅನುಮಾನ ಬರಬೇಡವಾ? ಲಿನಕ್ಸ್‌ನ ತಿರುಳಾದ ಕರ್ನಲ್, ಬಸ್ ಮೇಲೆ ಫೈ ಹುಡುಕುವಾಗ ಚಿಪ್ಪಿನ ಗುರುತಿನ ಸಂಖ್ಯೆ (ಐಡಿ) ಪೂರ್ತಿ 1 ಬಂದರೆ ಅಲ್ಲಿ ಚಿಪ್ಪೇ ಇಲ್ಲ ಅಂತ ತೀರ್ಮಾನಿಸುತ್ತದೆ. ಕಣ್ಣೆದುರೇ ಇರುವ ಕೋಡ್ ಅದು, ಓದಿಲ್ಲವೇ?

ಕೋಡ್ ತೆರೆದರೆ ಇನ್ನೂ ಇದೆ. ಪ್ರೊಸೆಸರ್ ಕಡೆ ಈ ಬಸ್ ನಡೆಸುವ ಕಂಟ್ರೋಲರ್ ಕೆಲಸ ಮುಗಿಸಲಿ ಅಂತ ಒಂದು ಲೂಪ್ ಕಾಯುತ್ತದೆ. ಸಮಯ ಮೀರಿದರೆ ಎರರ್ ಕೊಡಬೇಕು ತಾನೆ? ಇಲ್ಲ, ಸುಮ್ನೆ ಹೊರಗೆ ಬಂದು ಡೇಟಾ ರಿಜಿಸ್ಟರಿನಲ್ಲಿ ಏನಿದೆಯೋ ಅದನ್ನೇ ಕೊಡುತ್ತದೆ. ಅದು ಹಿಂದಿನ ಪ್ರಶ್ನೆಯ ಉತ್ತರವೂ ಆಗಿರಬಹುದು. ಅದರ ಮೇಲಿನ ಪದರದಲ್ಲಿ ಓದಿದ್ದನ್ನು 16 ಬಿಟ್ಟಿನ, ಮೈನಸ್ ಗೊತ್ತಿಲ್ಲದ ವೇರಿಯಬಲ್ಲಿಗೆ ಹಾಕಿದ್ದಾರೆ. ಕೆಳಗಿನಿಂದ ಮೈನಸ್ 5 ಅಂತ ಎರರ್ ಬಂದರೂ ಅಲ್ಲಿ ಅದು 65531 ಆಗಿಬಿಡುತ್ತದೆ. ಆ ಸಂಖ್ಯೆಯಲ್ಲಿ ಲಿಂಕ್ ಬಿಟ್ ಸೊನ್ನೆ. ಅಂದರೆ ಕೇಬಲ್ ಸರಿಯಿದ್ದಾಗಲೂ ಲಿಂಕ್ ಹೋಯಿತು ಅನ್ನುತ್ತದೆ. ಯಾವ ಕಡೆಯಿಂದ ನೋಡಿದರೂ ಸುಳ್ಳೇ.

ಇದು ಇವರೊಬ್ಬರ ಕಥೆಯೂ ಅಲ್ಲ. ಯುಎಸ್‌ಬಿ ಈಥರ್ನೆಟ್ ಡ್ರೈವರ್‌ಗಳಲ್ಲಿ ಓದು ಸೋತಿದೆಯಾ ಅಂತ ನೋಡದೆ ಸ್ಟ್ಯಾಕ್ ಮೇಲೆ, ಅಂದರೆ ಪ್ರೋಗ್ರಾಮಿನ ತಾತ್ಕಾಲಿಕ ಮೆಮೊರಿಯಲ್ಲಿ ಬಿದ್ದಿದ್ದ ಕಸವನ್ನೇ ರಿಜಿಸ್ಟರ್ ಬೆಲೆ ಅಂತ ಬಳಸಿದ ಬಗ್‌ಗಳನ್ನು ಕರ್ನಲ್ಲಿನ ಬಗ್ ಹುಡುಕುವ ಗೂಗಲ್‌ನ ಯಂತ್ರ ಸಿಜ್‌ಬಾಟ್ ಒಂದರ ಹಿಂದೆ ಒಂದು ಹಿಡಿದು ಹಾಕಿದೆ.

ನಾನು ಬರೆದ ತಿದ್ದುಪಡಿ ಐವತ್ತು ಸಾಲೂ ಇಲ್ಲ. ಎಲ್ಲ ಬಿಟ್ 1 ಬಂದರೆ ಐಡಿ ರಿಜಿಸ್ಟರ್ ಓದು. ಅದೂ ಹಾಗೇ ಬಂದರೆ ಎರರ್. ಮೂರು ಸಲ ಪ್ರಯತ್ನ ಮಾಡು, ಯಾಕಂದರೆ ಒಂದೇ ಎರರ್‌ಗೆ ಕರ್ನಲ್ಲಿನ ಮೇಲಿನ ಪದರ ಆ ಫೈಯನ್ನು ನಿಲ್ಲಿಸಿಬಿಡುತ್ತದೆ, ಆಮೇಲೆ ನೆಟ್‌ವರ್ಕ್ ಇಂಟರ್‌ಫೇಸ್ ಆಫ್ ಮಾಡಿ ಆನ್ ಮಾಡುವವರೆಗೂ ಅದು ಏಳುವುದಿಲ್ಲ. ಮೂರೂ ಸೋತರೆ ಲಿಂಕ್ ಇಲ್ಲ ಅಂತ ಹೇಳು, ಲಾಗಿನಲ್ಲಿ ಒಂದು ಸಾಲು ಬರೆ, ರಿಸೆಟ್ ಪಿನ್ ಎಳೆದು ಚಿಪ್ಪನ್ನು ಮತ್ತೆ ಶುರು ಮಾಡು. ಬೋರ್ಡಿನಲ್ಲಿ ರಿಸೆಟ್ ಪಿನ್ ಮೊದಲಿನಿಂದಲೂ ಇತ್ತು ಕಣ್ರೀ!

ಚಿಪ್ ಮಾರಿದವರಿಗೇ ಕಳಿಸಿದೆ. ನಿಮ್ಮ ಬೋರ್ಡಿನ ಪವರ್ ಸರಿಯಿಲ್ಲ, ಡ್ರೈವರ್‌ನಲ್ಲಿ ಬದಲಾವಣೆ ಬೇಕಿಲ್ಲ ಅಂತ ಎರಡು ಸಾಲಿನ ಉತ್ತರ ಬಂತು. ಪವರ್ ನಮ್ಮ ತಪ್ಪು, ಒಪ್ಪಿದೆವು, ಕೆಪಾಸಿಟರ್ ಹಾಕಿ ಸರಿ ಮಾಡಿದೆವು. ಸತ್ತ ಚಿಪ್ಪನ್ನು ಬದುಕಿದೆ ಅಂತ ತೋರಿಸಿದ್ದು ಯಾರ ತಪ್ಪು?

ಆ ಹುಡುಗನಿಗೆ ನಿನ್ನೆ ಫೋನ್ ಮಾಡಿ, ನೀನು ಹೇಳಿದ್ದೇ ಸರಿ ಇತ್ತಪ್ಪಾ ಅಂದೆ. ಸ್ವಲ್ಪ ಹೊತ್ತು ಸುಮ್ಮನಿದ್ದ. ಆಮೇಲೆ ಕೇಳಿದ, "ಅದನ್ನ ನಮ್ ಸೂಪರ್‌ವೈಸರ್‌ಗೂ ಒಂದ್ ಮಾತು ಹೇಳ್ತೀರಾ ಸಾರ್?"

ಹೇಳಿದ್ದೇನೆ.