ನೈಲೋ ಪ್ಲೇಟೋ ಎನ್ನುವ ಮೊದಲು ಸ್ಕ್ರೂ ತುದಿ ನೋಡಿ

ಸೊಂಟದ ಮುರಿತಕ್ಕೆಲ್ಲ ನೈಲ್ (ತೊಡೆಮೂಳೆಯ ಟೊಳ್ಳಿನೊಳಗೆ ಇಳಿಸುವ ಲೋಹದ ಸಲಾಕೆ) ಹಾಕುವುದೇ ಮೇಲು ಎಂದು ನಾನು ಓದಿದ ಒಂದು ಲೇಖನದಲ್ಲಿದೆ. ಒಪ್ಪುವುದು ಕಷ್ಟ. ಟ್ರೊಕ್ಯಾಂಟರ್ (ತೊಡೆಮೂಳೆಯ ಕತ್ತಿನ ಬುಡದ ಉಬ್ಬು) ಭಾಗದ ಸ್ಥಿರ ಮುರಿತಕ್ಕೆ ಡಿಎಚ್‌ಎಸ್ (ಡೈನಮಿಕ್ ಹಿಪ್ ಸ್ಕ್ರೂ) ಪ್ಲೇಟು, ಅಂದರೆ ಮೂಳೆಯ ಹೊರಬದಿಗೆ ಕೂರಿಸುವ ಪಟ್ಟಿ, ಇವತ್ತಿಗೂ ಸಾಕು. ಮುರಿತದ ಗೆರೆ ಒಳಬದಿಯ ಮೇಲಿನಿಂದ ಹೊರಬದಿಯ ಕೆಳಕ್ಕೆ ಇಳಿದಿದ್ದರೆ ಪ್ಲೇಟು ಬೇಡ. ತೊಡೆಮೂಳೆಯ ಕಾಂಡ ಒಳಕ್ಕೆ ಜಾರುತ್ತದೆ, ಅಲ್ಲಿ ನೈಲೇ ಬೇಕು.

ಆದರೆ ಯಾವುದನ್ನೇ ಹಾಕಿ, ಅದರಿಂದ ತೊಡೆಮೂಳೆಯ ದುಂಡು ತಲೆಯೊಳಕ್ಕೆ ಹೋಗುವ ಸ್ಕ್ರೂ ಎಲ್ಲಿ ಕೂತಿದೆ ಎಂಬುದು ಬಲು ಮುಖ್ಯ, ಇದನ್ನು ಲೇಖನ ಮುಟ್ಟಿಯೇ ಇಲ್ಲ. ಮುಂದಿನಿಂದ ಮತ್ತು ಪಕ್ಕದಿಂದ ತೆಗೆದ ಎರಡೂ ಎಕ್ಸ್‌ರೇಗಳಲ್ಲಿ ಸ್ಕ್ರೂ ತುದಿಯಿಂದ ಮೂಳೆಯ ತಲೆಯ ತುತ್ತತುದಿಗಿರುವ ಅಂತರ ಅಳೆದು ಕೂಡಿಸಿ (ಚಿತ್ರ ಹಿಗ್ಗಿರುತ್ತದೆ, ಸ್ಕ್ರೂವಿನ ನಿಜವಾದ ದಪ್ಪಕ್ಕೆ ಹೋಲಿಸಿ ಸರಿಪಡಿಸಿಕೊಳ್ಳಿ). ಮೊತ್ತ 25 ಮಿ.ಮೀ. ಒಳಗಿರಬೇಕು. ದಾಟಿದರೆ, ಅದರಲ್ಲೂ ಮೂಳೆ ಸವೆದವರಲ್ಲಿ, ಸ್ಕ್ರೂ ಮೂಳೆಯ ತಲೆಯನ್ನು ಸೀಳಿಕೊಂಡು ಹೊರಬರುವ ಅಪಾಯ ಏರುತ್ತದೆ.

ವಯಸ್ಸಾದವರಲ್ಲಿ ತೊಡೆಮೂಳೆಯ ಕತ್ತಿನ ಭಾಗ ಮುರಿದು ಸರಿದಿದ್ದರೆ ಸಾಮಾನ್ಯವಾಗಿ ಕೀಲು ಬದಲಾವಣೆಯೇ ಸರಿ. ಏಕೆಂದರೆ ಮೂಳೆಯ ತಲೆಗೆ ಹೋಗುವ ರಕ್ತನಾಳಗಳು ಹರಿದಿರುವ ಸಾಧ್ಯತೆ ಹೆಚ್ಚು.